ಹೆಸರಿಲ್ಲದ ಖಾತೆಯಲ್ಲಿ ಬರೆಯುವವನು ನಾನೇನಾ?

ಅರ್ಧರಾತ್ರಿ_ಓದುಗ
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಸುಮಾರು ದಿನದಿಂದ ತಲೆ ತಿನ್ನುತ್ತಿದೆ. ನನಗೆ ಎರಡು ಖಾತೆಗಳಿವೆ. ಒಂದರಲ್ಲಿ ನಿಜವಾದ ಹೆಸರು, ಫೋಟೋ, ಕೆಲಸ ಎಲ್ಲ ಇದೆ. ಇನ್ನೊಂದರಲ್ಲಿ ಒಂದು ಅಡ್ಡಹೆಸರು, ಒಂದು ಮೋಡದ ಚಿತ್ರ, ಅಷ್ಟೇ. ನಿಜ ಹೆಸರಿನ ಖಾತೆಯಲ್ಲಿ ಕಾಮೆಂಟ್ ಹಾಕಲು ಕೂತರೆ ಮೊದಲು ನಾಲ್ಕು ಸಾಲು ಬರುತ್ತದೆ, ಆಮೇಲೆ ಮ್ಯಾನೇಜರ್ ನೋಡ್ತಾರೆ ಅಂತ ಒಂದು ಸಾಲು ಅಳಿಸುತ್ತೇನೆ, ಚಿಕ್ಕಪ್ಪ ಬೇಜಾರು ಮಾಡ್ಕೋತಾರೆ ಅಂತ ಇನ್ನೊಂದು, ಹಳೇ ಗೆಳೆಯರು ಕಾಲೆಳೀತಾರೆ ಅಂತ ಮತ್ತೊಂದು. ಕೊನೆಗೆ ಉಳಿಯುವುದು 'ಸರಿಯಾಗಿ ಹೇಳಿದಿರಿ' ಮತ್ತು ಒಂದು ಕೈಮುಗಿಯುವ ಎಮೋಜಿ. ಇನ್ನೊಂದು ಖಾತೆಯಲ್ಲಿ ಮನಸ್ಸಿಗೆ ಬಂದದ್ದನ್ನು ಬರೆದು, ಪೋಸ್ಟ್ ಒತ್ತಿ, ಫೋನ್ ಪಕ್ಕಕ್ಕಿಡುತ್ತೇನೆ.

ಹಾಗಾದರೆ ನಾನು ಯಾರು? 'ಎರಡೂ ನೀನೇ' ಅನ್ನುವ ಉತ್ತರ ದಯವಿಟ್ಟು ಬೇಡ. ಎರಡೂ ನಾನೇ ಆಗಿದ್ದರೆ ಒಂದನ್ನು ಯಾಕೆ ಇಷ್ಟು ಹುಷಾರಾಗಿ ಬಚ್ಚಿಟ್ಟಿದ್ದೇನೆ?

ಪರದೆ_ಹಿಂದೆ
ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲೇ ಇದನ್ನು ನಾಟಕದ ಮಾತಿನಲ್ಲಿ ಹೇಳಿದ್ದರು. ಜನರ ಮುಂದೆ ಎಲ್ಲರೂ ಒಂದೊಂದು ಪಾತ್ರ ಮಾಡುತ್ತಾರೆ, ರಂಗದ ಹಿಂದೆ ಸ್ವಲ್ಪ ಸಡಿಲವಾಗುತ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ. ಮ್ಯಾನೇಜರ್ ಹತ್ತಿರ ಒಂದು ಥರ, ಚಿಕ್ಕಪ್ಪನ ಹತ್ತಿರ ಒಂದು ಥರ ಮಾತಾಡುವುದು ಯಾವ ಕಾಲದಲ್ಲೂ ಇದ್ದದ್ದೇ. ಆದರೆ ಮೊದಲು ಅವರಿಬ್ಬರೂ ಒಂದೇ ಕೋಣೆಯಲ್ಲಿ ಕೂತು ನಿಮ್ಮ ಮಾತು ಕೇಳುತ್ತಿರಲಿಲ್ಲ. ಈಗ ಕೂತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಒಪ್ಪುವ ಮಾತು ಅಂದರೆ ಆ ಕೈಮುಗಿಯುವ ಎಮೋಜಿನೇ, ಬೇರೆ ಏನು ಉಳಿಯುತ್ತೆ ಹೇಳಿ? ನೀವು ಅಳಿಸಿದ ಸಾಲುಗಳಿಗೆ ನಿಮ್ಮ ಹೇಡಿತನ ಕಾರಣ ಅಂದುಕೊಳ್ಳಬೇಡಿ. ಆ ಜಾಗ ಕಟ್ಟಿರುವ ರೀತಿಯೇ ಹಾಗಿದೆ.

ಸಿಡುಕ
ಇಷ್ಟು ಸುಲಭವಾಗಿ ಬಿಡಬೇಡಿ ಅವರನ್ನ 😄

ಮೋಡದ ಚಿತ್ರದ ಖಾತೆಯಲ್ಲಿ ನೋಡುವವರು ಯಾರೂ ಇಲ್ವಾ? ಪೋಸ್ಟ್ ಒತ್ತಿ ಫೋನ್ ಪಕ್ಕಕ್ಕಿಟ್ಟೆ ಅಂದಿರಿ. ಎಷ್ಟು ಹೊತ್ತು? ಫೇಸ್‌ಬುಕ್ಕಿಗೆ ಲೈಕ್ ಬಟನ್ ಬಂದಿದ್ದು 2009ರಲ್ಲಿ, ಅಲ್ಲಿಂದ ಈಚೆಗೆ ಬಹುತೇಕ ಎಲ್ಲ ಕಡೆ ಪ್ರತಿ ಮಾತಿಗೂ ಒಂದು ಅಂಕಿ ಅಂಟಿಕೊಂಡಿದೆ. ಖಾರವಾಗಿ ಬರೆದರೆ ಅಂಕಿ ಏರುತ್ತದೆ, ಸ್ವಲ್ಪ ಯೋಚಿಸಿ ಬರೆದರೆ ಯಾರೂ ತಿರುಗಿ ನೋಡಲ್ಲ. ಆರು ತಿಂಗಳಲ್ಲಿ ನೀವು 'ಮುಖಕ್ಕೆ ಹೊಡೆದ ಹಾಗೆ ಮಾತಾಡುವವನು' ಅನ್ನುವ ಪಾತ್ರ ಆಗಿಬಿಟ್ಟಿರುತ್ತೀರಿ.

ಫ್ರೆಂಚ್ ತತ್ವಜ್ಞಾನಿ ಸಾರ್ತ್ರೆ 1943ರಲ್ಲಿ ಒಬ್ಬ ಹೋಟೆಲ್ ಮಾಣಿಯ ಬಗ್ಗೆ ಬರೆದಿದ್ದಾನೆ. ಅವನ ನಡಿಗೆ, ಬಗ್ಗುವ ರೀತಿ, ತಟ್ಟೆ ಹಿಡಿಯುವ ಠೀವಿ, ಎಲ್ಲ ಒಂದು ತೂಕ ಜಾಸ್ತಿ. ಅವನು ಮಾಣಿಯಾಗಿರುವ ಆಟ ಆಡುತ್ತಿದ್ದಾನೆ. ತಾನು ಬೇರೆ ಏನಾದರೂ ಆಗಬಹುದು ಅನ್ನುವುದನ್ನು ಮರೆಯುವ ಉಪಾಯ ಅದು. ನೇರ ಮಾತಿನವನ ಆಟವೂ ಅಂಥದ್ದೇ. ನಿಜ ಹೆಸರಿನ ಖಾತೆಯಲ್ಲಿ ಕನಿಷ್ಠ ನಾಟಕ ಮಾಡ್ತಿದ್ದೀನಿ ಅಂತ ನಿಮಗೆ ಗೊತ್ತಿರುತ್ತದೆ.

ಅಡ್ಡಹೆಸರಿನವಳು
ನಾನೂ ವರ್ಷಗಳಿಂದ ಅಡ್ಡಹೆಸರಿನಲ್ಲೇ ಬರೆಯುವವಳು, ಹಾಗಾಗಿ ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ.

ಬೇರೆ ಹೆಸರಿನಲ್ಲಿ ಬರೆದರೆ ಅದು ಸುಳ್ಳು ಅನ್ನುವುದಾದರೆ ಬೇಂದ್ರೆಯವರನ್ನು ಏನು ಮಾಡುತ್ತೀರಿ? ಕವಿತೆ ಬರೆಯುವವನು ಅಂಬಿಕಾತನಯದತ್ತ, ಬೇಂದ್ರೆ ಬೇರೆ ಅನ್ನುವ ಹಾಗೆ ಅವರೇ ಮಾತಾಡುತ್ತಿದ್ದರು. ಡೆನ್ಮಾರ್ಕಿನ ತತ್ವಜ್ಞಾನಿ ಕಿರ್ಕೆಗಾರ್ಡ್ ಇನ್ನೂ ಮುಂದೆ ಹೋದ. ಒಂದಲ್ಲ, ಹಲವು ಹೆಸರು. ಆ ಹೆಸರುಗಳು ಒಂದನ್ನೊಂದು ಒಪ್ಪುವುದೂ ಇಲ್ಲ. ಕೊನೆಗೆ 1846ರಲ್ಲಿ ಅವನೇ ಬಹಿರಂಗವಾಗಿ ಹೇಳಿದ: ಇವೆಲ್ಲ ನಾನು ಬರೆದವು, ಆದರೆ ಅಲ್ಲಿನ ಒಂದು ಮಾತೂ ನನ್ನದಲ್ಲ, ಉಲ್ಲೇಖಿಸುವುದಿದ್ದರೆ ಆಯಾ ಹೆಸರನ್ನೇ ಹಾಕಿ. ಜೊತೆಗೆ, ಕಾನೂನಿನ ದೃಷ್ಟಿಯಲ್ಲಿ ಹೊಣೆ ನನ್ನದೇ ಅಂತಲೂ ಒಪ್ಪಿಕೊಂಡ. ನನಗೆ ಮುಖ್ಯ ಅನಿಸುವುದು ಈ ಎರಡನೇ ಮಾತು.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲೇ ಇದರ ಹತ್ತಿರ ಬಂದಿದ್ದ. ನಿನ್ನೆಯ ನಾನು ಮತ್ತು ಇವತ್ತಿನ ನಾನು ಒಬ್ಬನೇ ಅನ್ನಲು ದೇಹ ಸಾಲದು, ನಿನ್ನೆ ಮಾಡಿದ್ದನ್ನು ನಾನೇ ಮಾಡಿದೆ ಅನ್ನುವ ಅರಿವು ಬೇಕು. ಹೊಗಳಿಕೆ, ಶಿಕ್ಷೆ ಎಲ್ಲ ನಿಲ್ಲುವುದು ಅದರ ಮೇಲೆ. (ಈಗ ನಾವು ಮರೆತದ್ದನ್ನೂ ಆಪ್ ನೆನಪಿಟ್ಟುಕೊಂಡು, ಎಂಟು ವರ್ಷದ ಹಿಂದೆ ಇದೇ ದಿನ ಅಂತ ಮುಂದಿಡುತ್ತದೆ. ಲಾಕ್ ಇದ್ದಿದ್ದರೆ ಏನನ್ನುತ್ತಿದ್ದನೋ.)

ಹಾಗಾಗಿ ಯಾವ ಖಾತೆ ನಿಜ ಅಂತ ಕೇಳುವ ಬದಲು ನಾನು ಇನ್ನೊಂದು ಕೇಳುತ್ತೇನೆ. ಮೋಡದ ಚಿತ್ರದ ಹಿಂದೆ ನೀವು ಬರೆದ ಮಾತಿನಿಂದ ಯಾರಿಗೋ ನೋವಾಗಿ ಅವರು ಬಂದು ಕೇಳಿದರೆ, ಕೂತು ಉತ್ತರ ಕೊಡುತ್ತೀರಾ? ಕೊಟ್ಟರೆ ಆ ಖಾತೆ ನೀವೇ, ಹೆಸರು ಏನಾದರೂ ಇರಲಿ. 'ಅಯ್ಯೋ ಅದು ಸುಮ್ನೆ ಬರೆದದ್ದು' ಅಂತ ಜಾರಿಕೊಂಡರೆ ಅಲ್ಲಿ ಯಾರೂ ಇಲ್ಲ, ಬರೀ ಮಾತು ಇದೆ.

ಅರ್ಧರಾತ್ರಿ_ಓದುಗ
ಸಿಡುಕ ಅವರೇ, ಎಷ್ಟು ಹೊತ್ತು ಅಂತ ಕೇಳಿದ್ರಲ್ಲ, ಅದಕ್ಕೆ ಉತ್ತರ ಕೊಡಲ್ಲ 😅

ಉತ್ತರ ಕೊಡುವ ಮಾತು ಹಿಡಿಸಿತು. ಆದರೆ ಒಂದು ತೊಡಕು. ಹೆಸರು ಹೇಳಿದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಹೊಡೆತ ಬೀಳುತ್ತದೆ ಅನ್ನುವವರೂ ಅಡ್ಡಹೆಸರು ಇಟ್ಟುಕೊಂಡಿದ್ದಾರೆ. 2014ರಲ್ಲಿ ಫೇಸ್‌ಬುಕ್ ನಿಜ ಹೆಸರಿನ ನಿಯಮ ಹಿಡಿದು ಅಮೆರಿಕದ ಡ್ರ್ಯಾಗ್ ಕಲಾವಿದರ (ಹೆಣ್ಣಿನ ವೇಷ ತೊಟ್ಟು, ರಂಗದ ಹೆಸರಿನಲ್ಲಿ ಪ್ರದರ್ಶನ ಕೊಡುವವರು) ಖಾತೆಗಳನ್ನು ನಿಲ್ಲಿಸಿ, ಗಲಾಟೆಯಾದ ಮೇಲೆ ಕ್ಷಮೆ ಕೇಳಿತ್ತು. ಹೊಣೆ ಹೊರಬೇಕು ಅಂದರೆ ಅಂಥವರು ಮುಖ ತೋರಿಸಲೇಬೇಕಾ?

ಅಡ್ಡಹೆಸರಿನವಳು
ಬೇಕಿಲ್ಲ. ಗುರುತಿನ ಚೀಟಿ ತೋರಿಸುವುದು ಬೇರೆ, ಉತ್ತರ ಕೊಡುವುದು ಬೇರೆ. ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ, ಆದರೂ ಹೋದ ವರ್ಷ ನಾನು ಏನು ಹೇಳಿದ್ದೆ ಅಂತ ಸಿಡುಕ ಅವರು ಹುಡುಕಿ ತಂದು ಮುಂದಿಡುತ್ತಾರೆ, ನಾನು ಗೊಣಗಿಕೊಂಡು ಆದರೂ ಮಾತಾಡುತ್ತೇನೆ. ಅಡ್ಡಹೆಸರಿಗೂ ಒಂದು ಮರ್ಯಾದೆ ಬೆಳೆಯುತ್ತದೆ, ಅದು ಹೋಗುವ ಭಯವೂ ಇರುತ್ತದೆ. ನನಗೆ ಅನುಮಾನ ಬರುವುದು ಜಗಳವಾದ ಕೂಡಲೇ ಖಾತೆ ಅಳಿಸಿ, ಮರುದಿನ ಹೊಸ ಖಾತೆಯಲ್ಲಿ ಅದೇ ಮಾತು ಶುರು ಮಾಡುವವರ ಮೇಲೆ. ಅವರಲ್ಲಿ ಕೆಲವರು ನಿಜ ಹೆಸರನ್ನೇ ಹಾಕಿಕೊಂಡಿರುತ್ತಾರೆ.

ಸಿಡುಕ
ಹುಡುಕಿ ತರುತ್ತೇನೆ, ಹೌದು. ಬಿಡಲ್ಲ.