ಹಳೇ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್: ರಿಪೇರಿ ಅಣ್ಣನನ್ನು ಕೇಳಿ

ಅಡ್ಮಿನ್: ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಣ್ಣ ಇವತ್ತು ಉತ್ತರ ಕೊಡುತ್ತಾರೆ. ಹಳೇ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕುವ ವಿಷಯ ಮಾತ್ರ. ಮಾಡೆಲ್ ಹೇಳಿ ಕೇಳಿ.

ಕುಂಬಳೆ ಹುಡುಗ: ಅಣ್ಣ, ನಮ್ಮದು ಐ5 3470 ಪ್ರೊಸೆಸರ್, ಎಚ್61 ಮದರ್‌ಬೋರ್ಡ್. ಎನ್‌ವಿಡಿಯಾದ ಜಿಟಿಎಕ್ಸ್ 1650 ಕಾರ್ಡ್ ಆಗ್ತದಾ?

ರಿಪೇರಿ ಅಣ್ಣ: ಆಗುತ್ತದೆ. 1650ಗೆ 75 ವಾಟ್ ಸಾಕು, ಅಷ್ಟು ಕಾರ್ಡ್ ಕೂರಿಸುವ ಬೋರ್ಡಿನ ಸ್ಲಾಟ್‌ನಿಂದಲೇ ಸಿಗುತ್ತದೆ. ಕೆಲವು ಕಂಪನಿಯ 1650ಗೆ ಬೇರೆಯೇ 6 ಪಿನ್ ಪವರ್ ವೈರ್ ಕೂಡ ಬೇಕಾಗುತ್ತದೆ, ನೋಡಿ ತಗೊಳ್ಳಿ. ಹಳೇ ಬಯಾಸ್ (ಬೋರ್ಡನ್ನು ಸ್ಟಾರ್ಟ್ ಮಾಡುವ ಸಾಫ್ಟ್‌ವೇರ್) ಆದರೆ ಡಿಸ್‌ಪ್ಲೇ ಬಾರದಿರಬಹುದು, ಮೊದಲು ಅಪ್‌ಡೇಟ್ ಮಾಡಿ.

ಪೆರ್ಲ: ನನ್ನದು ಡೆಲ್ ಆಪ್ಟಿಪ್ಲೆಕ್ಸ್, ಸೆಕೆಂಡ್‌ಹ್ಯಾಂಡ್. 1650 ಹಾಕಬಹುದಾ?

ರಿಪೇರಿ ಅಣ್ಣ: ಸಪೂರ ಡಬ್ಬವಾದರೆ ಲೋ ಪ್ರೊಫೈಲ್, ಅಂದರೆ ಗಿಡ್ಡ ಕಾರ್ಡೇ ಬೇಕು. ಟವರ್ ಆದರೆ ಮೇಲೆ ಹೇಳಿದ್ದೇ.

ಉಪ್ಪಳ ಸ್ಟುಡಿಯೋ: ಮದುವೆ ವಿಡಿಯೋ ಎಡಿಟಿಂಗ್‌ಗೆ ಅಂತ ಎಎಂಡಿಯ ಹಳೇ ಆರ್‌ಎಕ್ಸ್ 580 ಕಾರ್ಡ್ ತಗೊಂಡೆ. ಎಸ್‌ಎಂಪಿಎಸ್‌ನಲ್ಲಿ (ಕರೆಂಟ್ ಕೊಡುವ ಡಬ್ಬ) ಕಾರ್ಡಿಗೆ ಬೇಕಾದ 8 ಪಿನ್ ವೈರ್ ಇರಲಿಲ್ಲ. ಸಾಟಾದಿಂದ 8 ಪಿನ್ ಮಾಡುವ ಕನ್ವರ್ಟರ್ ಹಾಕಿದೆ. ಮೊದಲು ಚೆನ್ನಾಗಿಯೇ ಇತ್ತು. ಈಗ ರೆಂಡರ್ (ಎಡಿಟ್ ಆದದ್ದನ್ನು ವಿಡಿಯೋ ಮಾಡಲು) ಹಾಕಿದ ಕೂಡಲೇ ರೀಸ್ಟಾರ್ಟ್. ಸ್ವಲ್ಪ ಸುಟ್ಟ ವಾಸನೆಯೂ ಉಂಟು. ವಿಂಡೋಸ್ ಮತ್ತೆ ಹಾಕಬೇಕಾ?

ರಿಪೇರಿ ಅಣ್ಣ: ವಿಂಡೋಸ್ ಬಿಡಿ, ಮೊದಲು ಪ್ಲಗ್ ತೆಗೀರಿ. ಆಮೇಲೆ ಓದಿ.

580 ಪೂರ್ತಿ ದುಡಿದರೆ ಸುಮಾರು 185 ವಾಟ್ ಎಳೆಯುತ್ತದೆ. ಸ್ಲಾಟ್ ಕೊಡುವುದು ಹೆಚ್ಚೆಂದರೆ 75. ಉಳಿದ 110 ನಿಮ್ಮ ಕನ್ವರ್ಟರ್ ಮೂಲಕ ಬರಬೇಕು. ಸಾಟಾ ಪ್ಲಗ್ ಇರುವುದು ಹಾರ್ಡ್‌ಡಿಸ್ಕ್‌ಗೆ. ಅದರಲ್ಲಿ 12 ವೋಲ್ಟ್‌ಗೆ ಮೂರು ತೆಳು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 54 ವಾಟ್. ಅದರ ದುಪ್ಪಟ್ಟು ಎಳೆದರೆ ಪಿನ್ ಕಾಯುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಕನ್ವರ್ಟರ್‌ಗೆ ಎರಡು ಸಾಟಾ ತಲೆ ಇದ್ದರೂ ಎರಡೂ ಒಂದೇ ವೈರಿನಿಂದ ಬಂದಿದ್ದರೆ ಇಡೀ ಭಾರ ಆ ವೈರಿನ ಮೇಲೇ ಬೀಳುತ್ತದೆ.

ಪ್ಲಗ್ ಬಿಡಿಸಿ ನೋಡಿ. ಹಳದಿ ವೈರ್ ಸೇರುವ ಕಡೆ ಕಂದು ಬಣ್ಣಕ್ಕೆ ತಿರುಗಿದೆಯಾ? ಮತ್ತೆ ಎಸ್‌ಎಂಪಿಎಸ್ ಸ್ಟಿಕ್ಕರ್‌ನಲ್ಲಿ +12ವಿ ಕೆಳಗೆ ಎಷ್ಟು ಆಂಪಿಯರ್ ಅಂತ ಬರೆದಿದೆ, ಅದನ್ನು ಹೇಳಿ. ದೊಡ್ಡದಾಗಿ 450 ವಾಟ್ ಅಂತ ಇರುವುದು ನನಗೆ ಬೇಡ. ಕ್ಯಾಬಿನೆಟ್ ಜೊತೆ ಫ್ರೀ ಬಂದದ್ದರ ಮೇಲೆ ಏನು ಬೇಕಾದರೂ ಬರೆದಿರುತ್ತಾರೆ.

ಮುಳ್ಳೇರಿಯ: ಒಂದು ಫಾರ್ವರ್ಡ್ ಬಂದಿತ್ತು. ಡಿಸ್‌ಪ್ಲೇ ಬಾರದ ಕಾರ್ಡನ್ನು ಓವನ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಸರಿಯಾಗುತ್ತದಂತೆ. ಮನೆಯಲ್ಲಿ ಕೇಕ್ ಮಾಡುವ ಓವನ್ ಉಂಟು.

ರಿಪೇರಿ ಅಣ್ಣ: ಬೇಡ ಮಾರಾಯ್ರೇ! ಕೆಪಾಸಿಟರ್ ಹಾಳಾಗುತ್ತದೆ, ಹೊಗೆಯ ಅಂಟು ಓವನ್‌ನಲ್ಲಿ ಕೂರುತ್ತದೆ, ಆಮೇಲೆ ಅದರಲ್ಲೇ ಮಕ್ಕಳಿಗೆ ಕೇಕ್. ಕಾರ್ಡ್ ಎದ್ದರೂ ಜಾಸ್ತಿ ದಿನ ಬಾಳುವುದಿಲ್ಲ. ಇಂಥದ್ದನ್ನು ಇಲ್ಲಿ ಹಾಕಬೇಡಿ.

ನೀರ್ಚಾಲು ಟೀಚರ್: ಶಾಲೆಯ ಕಂಪ್ಯೂಟರ್‌ನಲ್ಲಿ ಕೈಟ್‌ನವರ (ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆ) ಉಬುಂಟು ಇದೆ. ಕಾರ್ಡ್ ಹಾಕಿದರೆ ಡ್ರೈವರ್ ತಾನಾಗಿಯೇ ಬರುತ್ತದಾ?

ಮಂಜೇಶ್ವರ: ಸ್ಟುಡಿಯೋದವರು ಎಎಂಡಿ ತಗೊಂಡದ್ದೇ ತಪ್ಪು. ಎನ್‌ವಿಡಿಯಾ ಆದರೆ ಈ ರಗಳೆ ಇಲ್ಲ.

ಹೊಸಂಗಡಿ ಗೇಮರ್: ವೈರ್ ಸುಟ್ಟರೆ ಎಎಂಡಿ ಏನು ಮಾಡೀತು? ನಿಮ್ಮ ಜಿಟಿಎಕ್ಸ್ 1060 ಕಾರ್ಡಿಗೆ ಎನ್‌ವಿಡಿಯಾದವರೇ ಕೈ ಎತ್ತಿದ್ದಾರೆ.

ಮಂಜೇಶ್ವರ: ಸುಮ್ನೆ ಹೇಳಬೇಡಿ. 2028ರ ಅಕ್ಟೋಬರ್ ತನಕ ಅಪ್‌ಡೇಟ್ ಇದೆ.

ಹೊಸಂಗಡಿ ಗೇಮರ್: ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ಹೊಸ ಗೇಮ್‌ಗಳ ಡ್ರೈವರ್ 2025ರ ಅಕ್ಟೋಬರ್‌ಗೇ ಮುಗಿದಿದೆ. ಪೂರ್ತಿ ಓದಿ ಮಾತಾಡಿ.

ಮಂಜೇಶ್ವರ: ಕ್ರಿಪ್ಟೋ ಮೈನಿಂಗ್‌ನಲ್ಲಿ ಹಗಲು ರಾತ್ರಿ ದುಡಿಸಿದ ಕಾರ್ಡನ್ನು ಇದೇ ಗುಂಪಿನಲ್ಲಿ ಮಾರಲು ಹೊರಟವರು ನೀವೇ ಅಲ್ವಾ?

ಹೊಸಂಗಡಿ ಗೇಮರ್: ಮಾರಿದರೆ ನಿಮಗೇನು ನಷ್ಟ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಪುತ್ತಿಗೆ: ಅಣ್ಣ, ಎಚ್61ಗೆ 1650 ಆಗಬಹುದಾ?

ರಿಪೇರಿ ಅಣ್ಣ: ಮೇಲೆ ಓದಿ.

ಉಪ್ಪಳ ಸ್ಟುಡಿಯೋ: ನೋಡಿದೆ. ಕಂದು ಆಗಿದೆ, ಒಂದು ಮೂಲೆ ಕರಗಿದೆ. +12ವಿ 14 ಆಂಪಿಯರ್ ಅಂತ ಇದೆ.

ರಿಪೇರಿ ಅಣ್ಣ: ಅಂದರೆ 168 ವಾಟ್. ಅದು ಕಾರ್ಡಿಗೇ ಸಾಲದು, ಪ್ರೊಸೆಸರ್ ಬೇರೆ ಇದೆ. ಆ ಎಸ್‌ಎಂಪಿಎಸ್ ಇನ್ನು ಆನ್ ಮಾಡಬೇಡಿ. ಒಳ್ಳೆ ಕಂಪನಿಯ 550 ವಾಟ್‌ನದ್ದು ತಗೊಳ್ಳಿ. 8 ಪಿನ್ ವೈರ್ ಅದರಲ್ಲೇ ಇರಬೇಕು, ಕನ್ವರ್ಟರ್ ಬೇಡ.

ಮಂಜೇಶ್ವರ: ಹೆದರಿಸಿ ಹೊಸ ಎಸ್‌ಎಂಪಿಎಸ್ ಮಾರುವ ಉಪಾಯ ಚೆನ್ನಾಗಿದೆ.

ರಿಪೇರಿ ಅಣ್ಣ: ಮಂಗಳೂರಿನಿಂದಲೇ ತರಲಿ. ನನ್ನ ಅಂಗಡಿಗೆ ಬರಬೇಕೆಂದಿಲ್ಲ. ನಿಮಗೆ ಬೇರೆ ಕೆಲಸ ಇಲ್ವಾ?

ಉಪ್ಪಳ ಸ್ಟುಡಿಯೋ: ನಾಡಿದ್ದು ಒಂದು ಮದುವೆಯ ವಿಡಿಯೋ ಕೊಡಲಿಕ್ಕುಂಟು ಅಣ್ಣ. ಕವರ್ ತೆಗೆದು, ಪಕ್ಕದಲ್ಲಿ ಫ್ಯಾನ್ ಇಟ್ಟು ಒಂದೇ ಒಂದು ರೆಂಡರ್?

ರಿಪೇರಿ ಅಣ್ಣ: ಬೇಡ ಅಂದರೆ ಬೇಡ. ಹಾರ್ಡ್‌ಡಿಸ್ಕ್ ತಗೊಂಡು ಬೇರೆ ಸ್ಟುಡಿಯೋಗೆ ಹೋಗಿ.

ಮುಳ್ಳೇರಿಯ: ಓವನ್ ಬೇಡ ಸರಿ. ಹೇರ್ ಡ್ರೈಯರ್ ಆದೀತಾ?