ಸಹಾಯ ಬೇಕು: ಆಕ್ಸೆಸ್‌ನಲ್ಲಿ ಎರಡು ಟೇಬಲ್‌ಗಳು ಜೊತೆಗೂಡುತ್ತಿಲ್ಲ

ನಮಸ್ಕಾರ. ಇಷ್ಟು ವರ್ಷ ಎಕ್ಸೆಲ್‌ನಲ್ಲೇ ಕಾಲ ತಳ್ಳಿದವನು, ಈಗ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್ ಕಲಿಯಲು ಕುಳಿತಿದ್ದೇನೆ. ಅಭ್ಯಾಸಕ್ಕೆ ನನ್ನದೇ ಪುಸ್ತಕಗಳ ಪಟ್ಟಿ. ಲೇಖಕರ ಟೇಬಲ್‌ನಲ್ಲಿ ಪ್ರೈಮರಿ ಕೀ (ಪ್ರತಿ ಸಾಲಿನ ಗುರುತು) ಆಟೋನಂಬರ್, ಅಂದರೆ ಆಕ್ಸೆಸ್ ತಾನೇ ಕೊಡುವ ಸಂಖ್ಯೆ. ಪುಸ್ತಕಗಳ ಟೇಬಲ್‌ನಲ್ಲಿ ಅದಕ್ಕೆ ಹೊಂದುವ ‘ಲೇಖಕ ಐಡಿ’, ಲಾಂಗ್ ಇಂಟಿಜರ್ (ಪೂರ್ಣಾಂಕ) ಬಗೆಯದು. ಇಲ್ಲಿಯವರೆಗೆ ಸುಸೂತ್ರ.

ಎರಡರ ನಡುವೆ ರಿಲೇಷನ್‌ಶಿಪ್ ಗೆರೆ ಎಳೆದು ರೆಫರೆನ್ಷಿಯಲ್ ಇಂಟೆಗ್ರಿಟಿಗೆ (ಪುಸ್ತಕದ ಸಾಲಿನಲ್ಲಿರುವ ಐಡಿ ಲೇಖಕರ ಟೇಬಲ್‌ನಲ್ಲೂ ಇರಲೇಬೇಕೆಂಬ ನಿಯಮ) ಟಿಕ್ ಹಾಕಿದೊಡನೆ ತಕರಾರು: ಮಾಹಿತಿ ನಿಯಮಕ್ಕೆ ಹೊಂದುತ್ತಿಲ್ಲವಂತೆ. ಟಿಕ್ ತೆಗೆದರೆ ತೆಪ್ಪಗೆ ಒಪ್ಪಿಕೊಳ್ಳುತ್ತದೆ. ಹಾಗೆ ಬಿಡಲು ಮನಸ್ಸಿಲ್ಲ. ಹುಡುಕಿದಾಗ ಕಂಡದ್ದು: ಲೇಖಕರ ಹೆಸರಿಲ್ಲದ ಒಂದು ಹಳೆಯ ನಿಘಂಟಿನ ಸಾಲಿನಲ್ಲಿ ಐಡಿ 0 ಎಂದು ಕುಳಿತಿದೆ. ಸೊನ್ನೆ ಸಂಖ್ಯೆಯ ಲೇಖಕರು ನನ್ನಲ್ಲಿ ಯಾರೂ ಇಲ್ಲ!

ಆ ಸೊನ್ನೆಯನ್ನು ಅಳಿಸಿ ಖಾಲಿ ಬಿಟ್ಟರೆ ಸಾಕೇ, ‘ಅಜ್ಞಾತ’ ಎಂಬ ಲೇಖಕರನ್ನೇ ಸೃಷ್ಟಿಸಬೇಕೇ? ಇಂಥ ಅನಾಥ ಸಾಲುಗಳನ್ನೆಲ್ಲ ಒಂದೇ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಹಿಡಿಯುವುದು ಹೇಗೆ? ದಯವಿಟ್ಟು ವಿಡಿಯೊ ಕೊಂಡಿ ಬೇಡ, ನೋಡಿ ನೋಡಿ ಕಣ್ಣು ಸೋತಿದೆ.