ಕುದುರೆತಲೆ ಸಿಕ್ಕಿತು, ಆದರೆ ಆಲ್ನಿಟಾಕ್ ನಕ್ಷತ್ರದ ಸುತ್ತ ಈ ಹಸಿರು ಬಿಲ್ಲೆ ಎಲ್ಲಿಂದ ಬಂತು?

ಎರೆಹೊಲ_ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಹಗಲು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಅಮಾವಾಸ್ಯೆ ಹತ್ತಿರ ಬಂದರೆ ಚಿಂಚೋಳಿ ಕಡೆ ಮಾವನ ಹೊಲಕ್ಕೆ ಹೋಗಿ ಆಕಾಶದ ಫೋಟೊ ತೆಗೆಯುತ್ತೇನೆ. ಈ ಸಲ ಕುದುರೆತಲೆ ನೀಹಾರಿಕೆಗೆ ಕೈ ಹಾಕಿದ್ದೆ.

ಸಾಮಾನು ಇಷ್ಟು: 60 ಮಿ.ಮೀ. ದೂರದರ್ಶಕ, ಎಫ್/6 (ನಾಭಿದೂರ ಬಾಯಿಯ ಅಗಲದ 6 ಪಟ್ಟು). ಕ್ಯಾನನ್ 1300ಡಿ ಕ್ಯಾಮೆರಾ, ಒಳಗೆ ಕೆಂಪು ತಡೆಯುವ ಗಾಜು ತೆಗೆಸಿದ್ದು. ಅಡಾಪ್ಟರ್ ಮೂತಿಗೆ 2 ಇಂಚಿನ ಡ್ಯುಯಲ್ ಬ್ಯಾಂಡ್ ಫಿಲ್ಟರ್, ಅಂದರೆ ಆಮ್ಲಜನಕದ ಹಸಿರು-ನೀಲಿ, ಹೈಡ್ರೊಜನ್ನಿನ ಕೆಂಪು ಬೆಳಕನ್ನಷ್ಟೇ ಒಳಗೆ ಬಿಡುವುದು. ಒಂದೊಂದು ಫ್ರೇಮ್ 3 ನಿಮಿಷ.

ಫ್ರೇಮುಗಳನ್ನೆಲ್ಲ ಒಂದರ ಮೇಲೊಂದು ಸೇರಿಸಿ ಸ್ಟ್ಯಾಕ್ ಮಾಡಿದ ಮೇಲೆ ಕುದುರೆ ಚೆನ್ನಾಗೇ ಬಂದಿದೆ, ಕಿವಿ ಮೂತಿ ಎಲ್ಲ ಕಾಣುತ್ತೆ. ತೊಂದರೆ ಪಕ್ಕದ ಆಲ್ನಿಟಾಕ್‌ದು. ಅದರ ಸುತ್ತ ಹಸಿರು-ನೀಲಿ ಬಣ್ಣದ ದುಂಡನೆಯ ಬಿಲ್ಲೆ. ಮಂಜಿನ ಹಾಗೆ ಕರಗುವುದಿಲ್ಲ, ಅಂಚು ಕೊರೆದಂತಿದೆ. ಎಕ್ಸ್‌ಪೋಷರ್ ಕಮ್ಮಿ ಮಾಡು ಅಂದರು. 1 ನಿಮಿಷಕ್ಕೆ ಇಳಿಸಿದೆ. ನಕ್ಷತ್ರ ಸ್ವಲ್ಪ ಚಿಕ್ಕದಾಯಿತು, ಬಿಲ್ಲೆ ಅದೇ ಅಳತೆ. ಫಿಲ್ಟರ್ ತಿರುಗಿಸಿ ಹಾಕು ಅಂದರು ಇನ್ನೊಬ್ಬರು. ಹೊಸ ದೂರದರ್ಶಕ ತಗೋ ಅಂದವರೂ ಇದ್ದಾರೆ, ಅವರಿಗೆ ನನ್ನ ಸಂಬಳ ಗೊತ್ತಿಲ್ಲ.

ನನಗೆ ಬೇಕಿರುವುದು ಒಂದೇ. ದುಡ್ಡು ಖರ್ಚು ಮಾಡುವ ಮುಂಚೆ ಇದು ಯಾವ ಗಾಜಿನ ಕೆಲಸ ಅಂತ ಪತ್ತೆ ಮಾಡಬಹುದಾ? ಇನ್ನೊಂದು, ಕೆಲವು ಫ್ರೇಮ್‌ಗಳಲ್ಲಿ ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿವೆ. ಅದು ಬೇರೆ ಕಥೆ ಇರಬಹುದು.

ಬೀದರ್_ರಾತ್ರಿಪಾಳಿ:

ಪತ್ತೆ ಮಾಡಬಹುದು, ಸ್ಕೇಲ್ ಹಿಡಿದಷ್ಟೇ ಸುಲಭ. ಒಂದೇ ಫ್ರೇಮ್ ತೆಗೆದು ಬಿಲ್ಲೆಯ ಅಡ್ಡಳತೆ ಎಷ್ಟು ಪಿಕ್ಸೆಲ್ ಅಂತ ನೋಡಿ ಹೇಳಿ.

ಎಕ್ಸ್‌ಪೋಷರ್ ಇಳಿಸಿದರೆ ಹೋಗುತ್ತೆ ಅನ್ನುವುದನ್ನು ಮೊದಲು ಮರೆತುಬಿಡಿ. ಅದು ನಿಜವಾದ ಬೆಳಕು, ಸೆನ್ಸರ್ ತುಂಬಿ ಚೆಲ್ಲಿದ್ದಲ್ಲ. ಸಮಯ ಅರ್ಧ ಮಾಡಿದರೆ ಬಿಲ್ಲೆಯ ಬೆಳಕೂ ಅರ್ಧ, ಕುದುರೆಯ ಬೆಳಕೂ ಅರ್ಧ. ಲಾಭ ಏನು? ಚಿಕ್ಕ ಫ್ರೇಮ್‌ಗಳಿಂದ ನಕ್ಷತ್ರದ ನಡುವಿನ ಬಣ್ಣ ಉಳಿಯುತ್ತೆ, ಅಷ್ಟೇ.

ಎರೆಹೊಲ_ಕಲಬುರಗಿ:

ಹೆಚ್ಚು ಕಮ್ಮಿ 100 ಪಿಕ್ಸೆಲ್ ಇದೆ ಸರ್. ನಡುವೆ ತೂತಿಲ್ಲ, ಪೂರ್ತಿ ತುಂಬಿದೆ.

ಬೀದರ್_ರಾತ್ರಿಪಾಳಿ:

ತೂತಿಲ್ಲದ್ದು ಸರಿಯೇ. ಬಿಲ್ಲೆ ಅಂದರೆ ನಿಮ್ಮ ದೂರದರ್ಶಕದ ಬಾಯಿಯ ಫೋಕಸ್ ತಪ್ಪಿದ ಚಿತ್ರ. ನಡುವೆ ಚಿಕ್ಕ ಕನ್ನಡಿ ಇರುವ ನ್ಯೂಟೋನಿಯನ್ ಆಗಿದ್ದರೆ ತೂತು ಕಾಣುತ್ತಿತ್ತು.

ಈಗ ಲೆಕ್ಕ. ನೀವೇ ಲೆಕ್ಕದವರು, ಬೇಗ ಹಿಡಿಯುತ್ತೀರಿ. ನಕ್ಷತ್ರದ ಬೆಳಕು ಎರಡು ಮುಖಗಳ ನಡುವೆ ಒಂದು ಸಲ ಹೋಗಿ ಬಂದರೆ, ಆ ಅಂತರದ ಎರಡು ಪಟ್ಟು ದೂರ ಜಾಸ್ತಿ ನಡೆಯುತ್ತೆ. ಅಷ್ಟು ಫೋಕಸ್ ತಪ್ಪುತ್ತೆ. ಆದ್ದರಿಂದ ಅಂತರ = ಬಿಲ್ಲೆಯ ಅಡ್ಡಳತೆ × ಎಫ್ ಸಂಖ್ಯೆ ÷ 2. 1300ಡಿ ಪಿಕ್ಸೆಲ್ ಸುಮಾರು 4.3 ಮೈಕ್ರಾನ್. 100 ಪಿಕ್ಸೆಲ್ ಅಂದರೆ 0.43 ಮಿ.ಮೀ. 6ರಿಂದ ಗುಣಿಸಿ 2ರಿಂದ ಭಾಗಿಸಿ: 1.29 ಮಿ.ಮೀ. ಇದು ಗಾಳಿಯ ಲೆಕ್ಕ. ಗಾಜಿನೊಳಗಾದರೆ ವಕ್ರೀಭವನ ಸೂಚ್ಯಂಕ 1.5ರಿಂದ ಗುಣಿಸಬೇಕು. ಸುಮಾರು 1.9 ಮಿ.ಮೀ. ಬಂತು. ನಿಮ್ಮ ಫಿಲ್ಟರ್ ಗಾಜಿನ ದಪ್ಪ ನೋಡಿ, 2 ಮಿ.ಮೀ. ಆಸುಪಾಸು ಇರಬೇಕು ಅಂತ ನನ್ನ ಅಂದಾಜು.

ಅಂದರೆ ಬೆಳಕು ಫಿಲ್ಟರಿನ ಎರಡು ಮುಖಗಳ ನಡುವೆಯೇ ಪುಟಿಯುತ್ತಿದೆ. ತಿರುಗಿಸಿ ಹಾಕಿದರೂ ಪುಟಿಯುವ ಮುಖಗಳು ಅವೇ ಎರಡು. ಹಾಗಾಗಿ ಆ ಸಲಹೆ ನಿಮಗೆ ಕೆಲಸಕ್ಕೆ ಬರಲ್ಲ. ಸೆನ್ಸರ್ ಮತ್ತು ಫಿಲ್ಟರ್ ನಡುವೆ ಪುಟಿದಿದ್ದರೆ ಬರುತ್ತಿತ್ತೇನೋ. ಆದರೆ ಅಡಾಪ್ಟರ್ ಮೂತಿ ಸೆನ್ಸರ್‌ನಿಂದ 5 ಸೆಂ.ಮೀ.ಗೂ ಜಾಸ್ತಿ ದೂರ. ಆಗ ಬಿಲ್ಲೆ ಫ್ರೇಮಿನ ಮುಕ್ಕಾಲು ಭಾಗ ಹರಡಿ ಕಣ್ಣಿಗೇ ಬೀಳುತ್ತಿರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಆಲ್ನಿಟಾಕ್ ಬೇಡ, ಸಿರಿಯಸ್‌ಗೆ ತಿರುಗಿಸಿ. ಅದು ಸುಮಾರು 20 ಪಟ್ಟು ಪ್ರಕಾಶ. 3 ನಿಮಿಷದಲ್ಲಿ ಕಾಣುವುದು 10 ಸೆಕೆಂಡಿನಲ್ಲಿ ಕಾಣುತ್ತೆ. ಫಿಲ್ಟರ್ ಹಾಕಿ ಒಂದು, ತೆಗೆದು ಒಂದು. ಊರೊಳಗೆ ಮಾಳಿಗೆ ಮೇಲೆ ನಿಂತೇ ಆಗುವ ಕೆಲಸ.

ಎರೆಹೊಲ_ಕಲಬುರಗಿ:

ನಿನ್ನೆ ಮಾಳಿಗೆ ಮೇಲೆ ಮಾಡಿದೆ ಸರ್. ಫಿಲ್ಟರ್ ಇದ್ದಾಗ ಬಿಲ್ಲೆ ಇದೆ, ತೆಗೆದರೆ ಇಲ್ಲ. ಗಾಜು ಅಳೆದೆ, 2 ಮಿ.ಮೀ. ಬಣ್ಣಗಳನ್ನು ಬೇರೆ ಮಾಡಿ ನೋಡಿದರೆ ಬಿಲ್ಲೆ ಬರೀ ಹಸಿರು, ನೀಲಿಯಲ್ಲಿದೆ. ಕೆಂಪಿನಲ್ಲಿ ಹುಡುಕಬೇಕು, ಅಷ್ಟು ಮಂದ.

ಬೀದರ್_ರಾತ್ರಿಪಾಳಿ:

ಹಾಗಾದರೆ ನಿಮಗೆ ಖರ್ಚೇ ಇಲ್ಲ! 500.7 ನ್ಯಾನೊಮೀಟರ್ ಆಮ್ಲಜನಕದ ಕಡೆ ಆ ಫಿಲ್ಟರಿನ ಲೇಪನ ಸರಿ ಇಲ್ಲ, 656.3ರ ಹೈಡ್ರೊಜನ್ ಕಡೆ ಪರವಾಗಿಲ್ಲ. ಕುದುರೆಯ ಹಿಂದಿನ ಕೆಂಪು ಪರದೆ ಇಡೀ ಹೈಡ್ರೊಜನ್. ಕೆಂಪು ಚಾನೆಲ್ಲನ್ನೇ ಬೆಳಕಿನ ಆಧಾರ ಮಾಡಿಕೊಳ್ಳಿ. ನಕ್ಷತ್ರಗಳ ಬಣ್ಣಕ್ಕೆ ಫಿಲ್ಟರ್ ಇಲ್ಲದೆ 20-30 ಸೆಕೆಂಡಿನ ಫ್ರೇಮ್‌ಗಳನ್ನು ಬೇರೆ ತೆಗೆದು ಮೇಲೆ ಕೂರಿಸಿ.

ಒಂದು ಮಾತು. ಬ್ರಷ್ ಹಿಡಿದು ಆಲ್ನಿಟಾಕ್ ಸುತ್ತ ಎಲ್ಲವನ್ನೂ ಒರೆಸಬೇಡಿ. ಪಕ್ಕದಲ್ಲೇ ಫ್ಲೇಮ್ ನೀಹಾರಿಕೆ ಇದೆ, ಎನ್‌ಜಿಸಿ 2024. ಅದರ ಅಂಚು ನಿಜವಾದದ್ದು. ಎಷ್ಟೋ ಜನ ಬಿಲ್ಲೆ ಜೊತೆ ಅದನ್ನೂ ಅಳಿಸಿ, ನಕ್ಷತ್ರದ ಸುತ್ತ ಕಪ್ಪು ಹೊಂಡ ಮಾಡಿಟ್ಟಿರುತ್ತಾರೆ. ನನಗೆ ಬಿಲ್ಲೆಗಿಂತ ಆ ಹೊಂಡವೇ ಕಣ್ಣಿಗೆ ಚುಚ್ಚುತ್ತೆ.

ಯಾದಗಿರಿ_ಚುಕ್ಕಿ:

ಆಲ್ನಿಟಾಕ್ ಅಷ್ಟು ಕಾಟ ಕೊಟ್ಟರೆ ಫ್ರೇಮಿನಿಂದ ಆಚೆ ಇಡಬಾರದಾ ಅಣ್ಣ? ಕುದುರೆ ಹಿಂದಿನ ಪರದೆಗೆ ಬೆಳಕು ಕೊಡುವುದು ಸಿಗ್ಮಾ ಒರಾಯನಿಸ್ ನಕ್ಷತ್ರ, ಇವನಲ್ಲ. ಫ್ಲೇಮ್ ಬೆಳಗುವುದೂ ಅದರೊಳಗೆ ಧೂಳಿನಲ್ಲಿ ಅವಿತ ನಕ್ಷತ್ರಗಳಿಂದ.

ಬೀದರ್_ರಾತ್ರಿಪಾಳಿ:

ಇಡಬಹುದು, ಆದರೆ ಇವರ ಫ್ರೇಮ್ ಮೂರೂವರೆ ಡಿಗ್ರಿ ಅಗಲ. ಕುದುರೆ ಆಲ್ನಿಟಾಕ್‌ನಿಂದ ಅರ್ಧ ಡಿಗ್ರಿ ದಕ್ಷಿಣಕ್ಕೆ. ಅವನನ್ನು ಆಚೆ ತಳ್ಳಿದರೆ ಕುದುರೆಯೂ ಅಂಚಿಗೆ ಹೋಗಿ ನಿಲ್ಲುತ್ತೆ, ಫ್ಲೇಮ್ ಪೂರ್ತಿ ಹೋಗುತ್ತೆ. ಪ್ರಕಾಶದ ನಕ್ಷತ್ರ ಫ್ರೇಮಿನ ಹೊರಗೆ ಸ್ವಲ್ಪ ದೂರದಲ್ಲಿದ್ದರೆ ಕೊಳವೆ ಗೋಡೆಗೆ ಬಡಿದು ಅಡ್ಡ ಗೀರುಗಳೂ ಬರಬಹುದು. ಒಳಗಿರುವುದೇ ವಾಸಿ.

ಯಾದಗಿರಿ_ಚುಕ್ಕಿ:

ಒಪ್ಪಿದೆ. ಚುಕ್ಕಿ ಎಳೆದಿರುವುದಕ್ಕೆ ನನ್ನ ಅನುಮಾನ ನೆಲದ ಮೇಲೆ. ಎರೆ ಮಣ್ಣಲ್ಲಿ ಟ್ರೈಪಾಡ್ ಕಾಲು ನಿಧಾನಕ್ಕೆ ಇಳಿಯುತ್ತೆ, ಚುಕ್ಕಿಗಳ ಜೊತೆ ತಿರುಗಲೆಂದು ಧ್ರುವ ನಕ್ಷತ್ರಕ್ಕೆ ಹೊಂದಿಸಿದ್ದು ತಪ್ಪಿಹೋಗುತ್ತೆ. ಮೂರು ಕಾಲಿಗೂ ಶಹಾಬಾದ್ ಕಲ್ಲಿನ ತುಂಡು ಹಾಕಿ. ನಿಮ್ಮ ಕಡೆ ಅದಕ್ಕೇನು ಬರ ಅಲ್ವಾ? ನಮ್ಮಲ್ಲಿ ಧ್ರುವ ಬರೀ 17 ಡಿಗ್ರಿ ಮೇಲೆ. ತೊಗರಿ ರಾಶಿ ನಡೆಯುವಾಗ ಧೂಳಿನಲ್ಲಿ ಕಾಣುವುದೇ ಕಷ್ಟ. ಧೂಳು ಕೂರುವವರೆಗೆ ಕಾಯಿರಿ. ಕುದುರೆ ಇರುವ ಒರಾಯನ್ ನಕ್ಷತ್ರಪುಂಜ ಡಿಸೆಂಬರ್ ನಡುವೆ ಮಧ್ಯರಾತ್ರಿಗೆ 70 ಡಿಗ್ರಿ ಏರಿರುತ್ತೆ, ಅವಸರ ಏನಿಲ್ಲ.

ಕಾಯುವ ಹೊತ್ತಿಗೆ ಕೆಲಸ ಬೇಕಾದರೆ ಗ್ಯಾಮಾ ಕ್ಯಾಸಿಯೋಪಿಯಾ ನಕ್ಷತ್ರ ಹಿಡಿಯಿರಿ. ಸಂಜೆಯೇ ಉತ್ತರದಲ್ಲಿ 46 ಡಿಗ್ರಿ ಮೇಲಿರುತ್ತೆ. ಮೂರನೇ ಒಂದು ಡಿಗ್ರಿ ಪಕ್ಕದಲ್ಲಿ ಐಸಿ 63 ನೀಹಾರಿಕೆ ಇದೆ. ಕುದುರೆಗಿಂತ ಮಂದ, ತುಂಬಾ ತಾಳ್ಮೆ ಬೇಡುತ್ತೆ. ಅಲ್ಲೂ ಕೆಂಪು ಚಾನೆಲ್ಲೇ ಗತಿ.

ಎರೆಹೊಲ_ಕಲಬುರಗಿ:

ಕಲ್ಲಿಗೆ ಚಿಂತೆ ಇಲ್ಲ, ಮನೆ ಹಿಂದೆ ಬಿದ್ದಿವೆ. ಹೊಲದಲ್ಲಿ ಹಂದಿ ಕಾಯುವವರ ಟಾರ್ಚ್ ಬೆಳಕಿಗೆ ಏನು ಮಾಡುತ್ತೀರಿ? ಪ್ರತಿ ಸಲ ಒಂದೆರಡು ಫ್ರೇಮ್ ಹಾಳಾಗುತ್ತವೆ.

ಯಾದಗಿರಿ_ಚುಕ್ಕಿ:

ಅವರನ್ನು ಕರೆದು ಚಹಾ ಕೊಟ್ಟು, ಸ್ಕ್ರೀನ್ ಮೇಲೆ ಕುದುರೆ ತೋರಿಸಿ. ಟಾರ್ಚ್ ಮುಖಕ್ಕೆ ಕೆಂಪು ಕಾಗದ ಕಟ್ಟಿ ಅಂದರೆ ಕೇಳಲ್ಲ, ಹಂದಿ ಕಾಣಬೇಕಲ್ಲ. ಆದರೆ ನಮ್ಮ ಕಡೆ ಈಗ ನನ್ನ ದಿಕ್ಕಿಗೆ ಬಿಡುವುದನ್ನು ನಿಲ್ಲಿಸಿದ್ದಾರೆ. ಹಾಳಾದ ಫ್ರೇಮನ್ನು ಸ್ಟ್ಯಾಕ್‌ಗೆ ಸೇರಿಸಬೇಡಿ, ಅಷ್ಟೇ.